ಸಹಾಯ ಬೇಕು: ಗುರುತು ಸಿಗದ ಫೈಲ್‌ಗಳನ್ನು ಅಳಿಸಬಹುದೇ?

ಎಲ್ಲರಿಗೂ ನಮಸ್ಕಾರ. ಶಿರಸಿ ಸಮೀಪದ ನಮ್ಮ ಮನೆಯಲ್ಲಿ ಅಡಿಕೆ ಲೆಕ್ಕ ಬರೆದಿಡುವ, ವಿಂಡೋಸ್ 10 ಇರುವ ಹಳೆಯ ಲ್ಯಾಪ್‌ಟಾಪ್ ಈಚೆಗೆ ಎಷ್ಟು ನಿಧಾನವಾಗಿದೆಯೆಂದರೆ, ಬೆಳಿಗ್ಗೆ ಅದನ್ನು ಚಾಲೂ ಮಾಡಿಟ್ಟು ಕೊಟ್ಟಿಗೆ ಕೆಲಸ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಸಿ ಡ್ರೈವ್‌ನಲ್ಲಿ ಉಳಿದಿರುವ ಜಾಗ 3 ಜಿಬಿ ಮಾತ್ರ.

ಡಿಸ್ಕ್ ಕ್ಲೀನಪ್ ನಡೆಸಿ ತಾತ್ಕಾಲಿಕ ಫೈಲ್‌ಗಳನ್ನು ತೆಗೆದಿದ್ದೇನೆ. ಅಡಗಿದ ಫೈಲ್‌ಗಳನ್ನು ತೆರೆದು ನೋಡಿದಾಗ ಪೇಜ್‌ಫೈಲ್, ಹೈಬರ್‌ಫಿಲ್ ಎಂಬ ಎರಡು ಭಾರೀ ಫೈಲ್‌ಗಳು ಕಂಡವು. ಮೊದಲನೆಯದು ರ್‍ಯಾಮ್ (ಕೆಲಸದ ವೇಳೆ ಬಳಕೆಯಾಗುವ ಮೆಮೊರಿ) ಸಾಲದಾಗ ನೆರವಿಗೆ ಬರುವಂಥದ್ದು. ನನ್ನಲ್ಲಿರುವುದು 4 ಜಿಬಿ ರ್‍ಯಾಮ್ ಆದ್ದರಿಂದ ಅದರ ತಂಟೆಗೆ ಹೋಗುವುದಿಲ್ಲ. ಹೈಬರ್ನೇಟ್ (ತೆರೆದಿಟ್ಟ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಯಂತ್ರ ಆರಿಸುವ) ಸೌಲಭ್ಯವನ್ನೇ ನಿಲ್ಲಿಸಿದರೆ ಎರಡನೆಯದು ತಾನಾಗಿ ಅಳಿಯುತ್ತದಾದರೂ, ಬೇಗ ಚಾಲೂ ಆಗಲು ನೆರವಾಗುವ ಫಾಸ್ಟ್ ಸ್ಟಾರ್ಟಪ್ ಕೂಡ ಅದರೊಂದಿಗೇ ಹೋಗುತ್ತದೆ. ಪರಿಚಯದ ಹುಡುಗನೊಬ್ಬ ವಿಂಡೋಸ್ ಫೋಲ್ಡರ್‌ನಲ್ಲಿ ಗೊತ್ತಿಲ್ಲದ್ದನ್ನೆಲ್ಲ ಅಳಿಸಿಬಿಡಿ ಎಂದ (ಅವನ ಧೈರ್ಯ ನನಗಿಲ್ಲ).

ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸುವುದೇ ಮೇಲೋ, ಜಾಗ ಬಿಡಿಸಿದರೆ ಸಾಕೋ, ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.