ಸ್ನೇಕ್ ಪ್ಲಾಂಟ್ ಎಲೆ ನೀರಿನಲ್ಲಿಟ್ಟು ಆರು ವಾರ, ಬೇರಿಲ್ಲ. ಏನು ಮಾಡಲಿ?

ಬಳ್ಳಾರಿ ಬಾಡಿಗೆಮನೆ:
ಸಂಕ್ರಾಂತಿ ಮರುದಿನ ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಮೂರು ಎಲೆ ಕತ್ತರಿಸಿ ಉಪ್ಪಿನಕಾಯಿ ಬಾಟಲಿಯ ನೀರಿನಲ್ಲಿಟ್ಟೆ. ಆರು ವಾರವಾಯಿತು. ಬೇರೂ ಇಲ್ಲ, ಕೊಳೆತೂ ಇಲ್ಲ, ಸುಮ್ನೆ ನಿಂತಿವೆ. ಅಡುಗೆಮನೆಯ ಉತ್ತರದ ಕಿಟಕಿ. ಕಾಯಬೇಕಾ, ಮಣ್ಣಿಗೆ ಹಾಕಬೇಕಾ? ನಿಮ್ಮ ಅನುಭವ ಹೇಳಿ.

ರಾಯಚೂರು ಬಂಗಾರದ ಗಿಡ:
ಲೆಕ್ಕ ಸಮೇತ ಹೇಳುತ್ತೇನೆ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 12 ಗಿಡ ತರಿಸಿದೆ. 195ರಂತೆ 2,340. ಚೆಂದ ಕಾಣಲಿ ಅಂತ 12 ಪಿಂಗಾಣಿ ಕುಂಡ, 160ರಂತೆ 1,920. ತಳಕ್ಕೆ ತೂತಿಲ್ಲ ಅಂತ ಮಾರಿದವರು ಹೇಳಲಿಲ್ಲ, ನಾನೂ ನೋಡಲಿಲ್ಲ. ಮಣ್ಣು ಮಾತ್ರ ಪುಕ್ಕಟೆ, ಮಾವನ ಹೊಲದ ಕಪ್ಪು ಎರೆ ಮಣ್ಣು. ಹತ್ತಿ ಬೆಳೆಯುವ ಮಣ್ಣಲ್ಲಿ ಇದು ಬೆಳೆಯಲ್ವಾ ಅಂದುಕೊಂಡೆ. ಮೇ ಬಿಸಿಲಿಗೆ ಹೆದರಿ ದಿನಾ ಒಂದು ಚೊಂಬು ನೀರು. ಮೇಲೆ ಬಿರುಕು, ಕೆಳಗೆ ಕೆಸರು. ಒಂದು ದಿನ ಒರೆಸೋಣ ಅಂತ ಎಲೆ ಹಿಡಿದೆ, ಕೈಗೇ ಬಂತು. ಬುಡ ಕೊಳೆತ ಬಾಳೆಹಣ್ಣಿನ ಹಾಗೆ ಲೊಳಲೊಳ, ವಾಸನೆ ಬೇರೆ. 9 ಹೋದವು. ಉಳಿದ ಮೂರು ಒಂದೊಂದು 1,420 ರೂಪಾಯಿ ಬಿದ್ದವು. ಮನೆಯವಳು ಅವಕ್ಕೆ ಬಂಗಾರದ ಗಿಡ ಅಂತಲೇ ಹೆಸರಿಟ್ಟಿದ್ದಾಳೆ.

ಗಂಗಾವತಿ ಹೊಟ್ಟು:
ತೂತಿಲ್ಲದ ಕುಂಡ, ಎರೆ ಮಣ್ಣು, ದಿನಾ ನೀರು. ಗಿಡದ್ದೇನು ತಪ್ಪು? ನಮ್ಮಲ್ಲಿ 2019ರಲ್ಲಿ ಒಂದು ಕುಂಡ ಇತ್ತು, ಈಗ 31. ಎಲೆ ತುಂಡಿನ ಗೊಡವೆಗೇ ಹೋಗಿಲ್ಲ. ಕುಂಡ ಬೋರಲು ಹಾಕಿ ಗಡ್ಡೆ ಬಿಡಿಸುತ್ತೇನೆ. ಮರಿ ಹೊರಟ ಕಡೆ ಅರಿಶಿನದ ಕೊಂಬಿನ ಮೊಳಕೆಯಂತೆ ಕಾಣುತ್ತದೆ. ಅದನ್ನು ಬೇರಿನ ಸಮೇತ ಕೊಯ್ದು, ಎರಡು ದಿನ ನೆರಳಲ್ಲಿ ಗಾಯ ಒಣಗಿಸಿ ಹಚ್ಚುವುದು. ಕೆಂಪು ಮಸಾರಿ ಮಣ್ಣು, ಮರಳು, ರೈಸ್ ಮಿಲ್ಲಿನ ಸುಟ್ಟ ಹೊಟ್ಟು, ಸಮಪಾಲು. ಕೊಕೊಪೀಟಿಗೆ, ಅಂದರೆ ತೆಂಗಿನ ನಾರಿನ ಪುಡಿಗೆ, ದುಡ್ಡು ಸುರಿಯುವವರನ್ನು ನೋಡಿದರೆ ನಗು ಬರುತ್ತದೆ.

ರಾಯಚೂರು ಬಂಗಾರದ ಗಿಡ:
ನಗಿ ನಗಿ. ನಿಮಗೆ ಕಾಲುವೆ ನೀರು, ತಂಪು. ನಮ್ಮ ಬಿಸಿಲಿಗೆ ಬಂದು ಮಾತಾಡಿ.

ಕೌಲ್ ಬಜಾರ್:
ಬಿಸಿಲಿನ ಮಾತು ಬಳ್ಳಾರಿಯವರಿಗೆ ಬಿಡಿ. ಇಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ.

ಕೊಪ್ಪಳ ಟೀಚರ್:
ಹೊಟ್ಟಿನ ಮಾತು ಕೇಳಿಯೇ ನಾನು ಕೆಟ್ಟದ್ದು. ಹೋದ ವರ್ಷ ಇದೇ ಮಹಾನುಭಾವರು ಹೇಳಿದರು ಅಂತ ಒಂದು ಚೀಲ ತಂದೆ. ಆಟೋಗೆ 120. ಹತ್ತು ದಿನಕ್ಕೆ ಕುಂಡದ ತುಂಬ ಭತ್ತ ಮೊಳೆಯಿತು! ನಮ್ಮತ್ತೆ ನಾಟಿ ಯಾವಾಗ ಅಂತ ಕೇಳಿದರು.

ಗಂಗಾವತಿ ಹೊಟ್ಟು:
ಸುಟ್ಟ ಹೊಟ್ಟು ಮೇಡಂ, ಸುಟ್ಟದ್ದು! ಮಕ್ಕಳಿಗೆ ಪ್ರಶ್ನೆ ಪೂರ್ತಿ ಓದಿ ಅಂತ ಹೇಳುವವರು ನೀವೇ ಅಲ್ವಾ?

ಕೊಪ್ಪಳ ಟೀಚರ್:
ಆಗ ಬರೆದದ್ದು ಬರೀ ಹೊಟ್ಟು. ಇರಲಿ, ನನ್ನ ನಿಜವಾದ ಸಿಟ್ಟು ನರ್ಸರಿಯವನ ಮೇಲೆ. ಹಳದಿ ಅಂಚಿನ ಗಿಡಕ್ಕೆ 350 ಕೊಟ್ಟೆ. ಒಂದು ಎಲೆ ನಾಲ್ಕು ತುಂಡು ಮಾಡಿ ಹಚ್ಚಿದೆ. ಎರಡು ತುಂಡು ತಲೆಕೆಳಗಾಗಿದ್ದವು, ಬೇರು ಬಿಡಲೇ ಇಲ್ಲ. ಉಳಿದೆರಡು ಎಂಟು ತಿಂಗಳಿಗೆ ಮರಿ ಹಾಕಿದವು. ಎರಡೂ ಬರೀ ಹಸಿರು. ಹಳದಿಯ ಗೆರೆಯೂ ಇಲ್ಲ!

ಸಂಡೂರು ಧೂಳು:
ಅವನನ್ನು ಬೈಯಬೇಡಿ. ಹಳದಿ ಅಂಚಿನ ಈ ಲಾರೆಂಟೈ ತಳಿಯೇ ಹಾಗೆ. ಆ ಎಲೆಯಲ್ಲಿ ಎರಡು ಬಗೆಯ ಜೀವಕೋಶ ಜೊತೆಗಿರುತ್ತವೆ. ತುಂಡಿನಿಂದ ಹುಟ್ಟುವ ಮರಿ ಹಸಿರೇ. ಗಡ್ಡೆ ಸೀಳಿ ಹಚ್ಚಿದರೆ ಮಾತ್ರ ಅಂಚು ಉಳಿಯುತ್ತದೆ. ನಾನೂ 14 ತುಂಡು ಹಚ್ಚಿ, ವರ್ಷ ಕಾದು ಕಲಿತದ್ದು.

ರಾಯಚೂರು ಬಂಗಾರದ ಗಿಡ:
ಅಂಚು ಹೋಗಲಿ, ಗಾಳಿಯಾದರೂ ಶುದ್ಧ ಮಾಡುತ್ತದಾ? ನಾಸಾ ಹೇಳಿದೆ ಅಂತ ತಾನೇ ನಾನು 12 ತರಿಸಿದ್ದು.

ಸಂಡೂರು ಧೂಳು:
ಆ ವರದಿ 1989ರದ್ದು. ಮುಚ್ಚಿದ ಪೆಟ್ಟಿಗೆಯೊಳಗೆ ಬೆಂಜೀನ್, ಫಾರ್ಮಾಲ್ಡಿಹೈಡ್ ಅನ್ನುವ ವಿಷಾನಿಲ ಬಿಟ್ಟು ನೋಡಿದ್ದು. ಕಿಟಕಿ ತೆರೆದ ಮನೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಮನೆಯಲ್ಲಿ ಲಾರಿ ಎಬ್ಬಿಸುವ ಕೆಂಪು ಧೂಳು ಎಲೆ ಮೇಲೆ ಕೂರುತ್ತದೆ. ಪ್ರತಿ ಭಾನುವಾರ ಒದ್ದೆ ಬಟ್ಟೆ ಹಿಡಿದು ನಾನೇ ಗಿಡ ಶುದ್ಧ ಮಾಡುತ್ತೇನೆ.

ಕೌಲ್ ಬಜಾರ್:
ನಮ್ಮ ಬೆಕ್ಕು ಈ ಗಿಡ ಕಚ್ಚಿ ರಾತ್ರಿಯಿಡೀ ವಾಂತಿ ಮಾಡಿತು. ಡಾಕ್ಟರಿಗೆ 600, ಸೋಫಾ ಕವರ್ ಡ್ರೈಕ್ಲೀನಿಗೆ 450. ಎಲೆಯಲ್ಲಿ ಬೆಕ್ಕಿಗೆ ಆಗದ ಸಪೋನಿನ್ ಅಂತ ಇರುತ್ತದಂತೆ. ಅದನ್ನು ಯಾರೂ ಹೇಳಲ್ಲ, ಬರೀ ನಾಸಾ ನಾಸಾ.

ಬಳ್ಳಾರಿ ಬಾಡಿಗೆಮನೆ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಒಂದು ಎಲೆಯ ಬುಡದಲ್ಲಿ ರವೆಯಷ್ಟು ಬಿಳಿ ಚುಕ್ಕೆ ಎದ್ದಿದೆ. ಆದರೆ ಮರಿ ಹಸಿರೇ ಬರುವುದಾದರೆ...

ಗಂಗಾವತಿ ಹೊಟ್ಟು:
ಅದೇ ಬೇರು. ಹೆಬ್ಬೆರಳಿನಷ್ಟಾಗಲಿ, ಆಮೇಲೆ ಮಣ್ಣು. ಹಳದಿ ಅಂಚಿನ ಮರಿ ಬೇಕಾದರೆ ನನ್ನಲ್ಲಿ ಆರು ಹೆಚ್ಚಿವೆ. ಟೀಚರಿಗೂ ಒಂದು ಕೊಡುತ್ತೇನೆ, ಗಂಗಾವತಿಗೆ ಬಂದರೆ.

ಕೊಪ್ಪಳ ಟೀಚರ್:
ಬಸ್ಸು ನಮಗೆ ಫ್ರೀ. ಭಾನುವಾರ ಬರುತ್ತೇನೆ. ಹೊಟ್ಟಿನ ಚೀಲವನ್ನೂ ತರುತ್ತೇನೆ, ಇನ್ನೂ ಅರ್ಧ ಇದೆ. ನೀವೇ ಸುಟ್ಟುಕೊಡಿ.