‘ಸ್ಪಿರಿಚುಯಲ್ ಹಿಸ್ಟರಿ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ರೋಗಿಯ ಕೇಸ್ ಶೀಟಿನಲ್ಲಿ ‘ಸ್ಪಿರಿಚುಯಲ್ ಹಿಸ್ಟರಿ’ಗೆ ‘ಆಧ್ಯಾತ್ಮಿಕ ಇತಿಹಾಸ’ ಎಂದು ಹಾಕಿದ್ದಾರೆ. ಸರಿಯೇ? ‘ಧಾರ್ಮಿಕ ಹಿನ್ನೆಲೆ’ ಸಾಲದೇ? ರೋಗಿಯನ್ನು ಮಾತಾಡಿಸುವಾಗ ಹೇಗೆ ಕೇಳಬೇಕು?

ಉತ್ತರ: ‘ಇತಿಹಾಸ’ ರಾಜಮನೆತನಗಳಿಗಿರಲಿ. ವೈದ್ಯರು ಹಿಸ್ಟರಿ ಅನ್ನುವುದು ರೋಗಿಯ ಬಾಯಿಂದ ಕೇಳಿ ಬರೆದುಕೊಂಡ ವಿವರಕ್ಕೆ. ‘ಧಾರ್ಮಿಕ ಹಿನ್ನೆಲೆ’ ಅಂದರೆ ದೇವರನ್ನು ನಂಬದವರು ಹೊರಗುಳಿಯುತ್ತಾರೆ. ಅವರಿಗೂ ಮಕ್ಕಳೋ ಕೆಲಸವೋ ಸಂಗೀತವೋ ಬದುಕಿಗೆ ಆಸರೆಯಾಗಿರುತ್ತದೆ. ತಲೆಬರಹಕ್ಕೆ ‘ನಂಬಿಕೆ ಮತ್ತು ಆಸರೆಯ ವಿವರ’ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಕೊಟ್ಟ ಉಪಶಮನ ಆರೈಕೆಯ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ, ಪ್ಯಾಲಿಯೇಟಿವ್ ಕೇರ್) ವ್ಯಾಖ್ಯೆಯಲ್ಲಿ ದೈಹಿಕ, ಮನೋಸಾಮಾಜಿಕ ತೊಂದರೆಗಳ ಜೊತೆಗೆ ‘ಸ್ಪಿರಿಚುಯಲ್’ ತೊಂದರೆಗಳೂ ಇವೆ. ಅಂಥ ಪಠ್ಯಗಳಲ್ಲಿ ‘ಆಧ್ಯಾತ್ಮಿಕ’ ಇರಲಿ. (ನಾಮಪದ ‘ಅಧ್ಯಾತ್ಮ’, ಮೊದಲಕ್ಷರಕ್ಕೆ ದೀರ್ಘ ಬರುವುದು ‘ಇಕ’ ಸೇರಿದಾಗ.)

ಮಾತಾಡಿಸುವಾಗ ಈ ಯಾವ ಪದವೂ ಬೇಡ. ‘ನಿಮ್ಮದು ಯಾವ ಧರ್ಮ?’ ಎಂದರೆ ಜಾತಿ ವಿಚಾರಿಸಿದ ಹಾಗೆ ಕೇಳಿಸಿ ರೋಗಿ ಬಾಯಿ ಮುಚ್ಚಿಕೊಳ್ಳುತ್ತಾರೆ. ‘ದೇವರನ್ನು ನಂಬ್ತೀರಾ?’ ಎಂದರೆ ಹೌದು, ಇಲ್ಲ, ಅಷ್ಟಕ್ಕೇ ಮುಗಿಯಿತು. ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ಮತ್ತು ಸಂಗಡಿಗರು ಈ ವಿವರ ಕೇಳಲೆಂದೇ 1996ರಲ್ಲಿ ರೂಪಿಸಿದ ಎಫ್‌ಐಸಿಎ (ನಾಲ್ಕು ಹಂತಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳು) ಕ್ರಮದಲ್ಲಿ ನಂಬಿಕೆ, ಅದರ ಮಹತ್ವ, ಬಳಗ, ಆರೈಕೆಯಲ್ಲಿ ಅದಕ್ಕೆ ಕೊಡುವ ಜಾಗ ಎಂಬ ನಾಲ್ಕು ಹಂತಗಳಿವೆ. ಅವನ್ನು ಆಡುಮಾತಿಗೆ ಇಳಿಸಿ: ‘ಕಷ್ಟ ಬಂದಾಗ ನಿಮಗೆ ಧೈರ್ಯ ಕೊಡೋದು ಏನು?’ ‘ಚಿಕಿತ್ಸೆ ವಿಷಯದಲ್ಲಿ ಅದನ್ನ ನೋಡಿಕೊಂಡೇ ತೀರ್ಮಾನ ಮಾಡ್ತೀರಾ?’ ‘ಜೊತೆಗೆ ನಿಲ್ಲೋರು ಯಾರಿದ್ದಾರೆ?’ ‘ನಾವು ಏನು ಗಮನದಲ್ಲಿಟ್ಟುಕೊಳ್ಳಬೇಕು?’

ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಎಡವಟ್ಟಾಗುವುದೂ ಅಲ್ಲೇ. ಉಪವಾಸದ ದಿನ ಊಟ ಬಿಟ್ಟು ಇನ್ಸುಲಿನ್ ಮಾತ್ರ ಎಂದಿನಷ್ಟೇ ತೆಗೆದುಕೊಂಡರೆ ಸಕ್ಕರೆ ಅಪಾಯಕ್ಕೆ ಇಳಿಯುತ್ತದೆ. ಕ್ಯಾಪ್ಸೂಲಿನ ಜೆಲಟಿನ್ ಪ್ರಾಣಿಮೂಲದ್ದೆಂದು ತಿಳಿದು ಔಷಧವನ್ನೇ ನಿಲ್ಲಿಸುವವರಿದ್ದಾರೆ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು ರಕ್ತ ಹಾಕಿಸಿಕೊಳ್ಳುವುದಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಗೊತ್ತಾಗಬೇಕಾದ ಸಂಗತಿಯಲ್ಲ ಅದು. ಹಾಗಾಗಿ ‘ಉಪವಾಸ ಇರ್ತೀರಾ?’ ಎಂದು ಬಿಟ್ಟರಾಗದು, ‘ಆ ದಿನ ಮಾತ್ರೆ, ಇಂಜೆಕ್ಷನ್ ಏನು ಮಾಡ್ತೀರಿ?’ ಎಂದೂ ಕೇಳಬೇಕು.

ಇನ್ನೊಂದು ಮಾತು. ರೋಗಿ ‘ನಾನೇನು ಪಾಪ ಮಾಡಿದ್ದೆ’ ಎಂದಾಗ ಅದನ್ನು ‘ಖಿನ್ನತೆ’ ಅಂತ ತರ್ಜುಮೆ ಮಾಡಿ ಬರೆಯುವ ಚಾಳಿ ಇದೆ. ಖಿನ್ನತೆಯೇ ಇರಬಹುದು, ಅದನ್ನು ಬೇರೆಯಾಗಿ ಪರೀಕ್ಷಿಸಲಿ. ಉಪಶಮನ ಆರೈಕೆಗೆ ಬುನಾದಿ ಹಾಕಿದ ಬ್ರಿಟಿಷ್ ವೈದ್ಯೆ ಸಿಸಿಲಿ ಸಾಂಡರ್ಸ್ ‘ಟೋಟಲ್ ಪೇನ್’ (ಮೈ, ಮನಸ್ಸು, ಸಂಬಂಧ, ನಂಬಿಕೆ ಎಲ್ಲದರ ನೋವು ಒಟ್ಟಾಗಿ) ಎಂದದ್ದರಲ್ಲಿ ಈ ಬಗೆಯ ಸಂಕಟವೂ ಸೇರಿದೆ. ಪಾಪ, ಕರ್ಮ, ಹಣೆಬರಹ, ರೋಗಿ ಯಾವುದನ್ನು ಅಂದರೋ ಅದನ್ನೇ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಮುಂದಿನ ಪಾಳಿಯವರು ಮಾತು ಅಲ್ಲಿಂದಲೇ ಮುಂದುವರಿಸಬಹುದು.