ಡಿಸ್‌ಲೆಕ್ಸಿಯಾ ‘ಮೌಲ್ಯಮಾಪನ’: ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೋದ ವಾರ ನೋಟಿಸ್ ಬೋರ್ಡಿಗೆ ಒಂದು ಚೀಟಿ ಹಚ್ಚಿದೆ: ‘ಡಿಸ್‌ಲೆಕ್ಸಿಯಾ ಮೌಲ್ಯಮಾಪನ ಬೇಕಾದವರು ಹೆಸರು ಕೊಡಿ.’ (ಡಿಸ್‌ಲೆಕ್ಸಿಯಾ ಎಂದರೆ ಅಕ್ಷರ ಓದುವುದರಲ್ಲಿ, ಕಾಗುಣಿತದಲ್ಲಿ ಎಡವಿಸುವ ತೊಡಕು. ಅದು ಇದೆಯೇ ಎಂದು ತಜ್ಞರು ನೋಡುವ ‘ಅಸೆಸ್‌ಮೆಂಟ್’ಗೆ ನಾನು ಬರೆದ ಪದ ಮೌಲ್ಯಮಾಪನ.) ಮೊದಲು ಬಂದ ಹುಡುಗ ಕೇಳಿದ, ‘ಸರ್, ಇದಕ್ಕ ಫೀ ಎಷ್ಟ್ರೀ? ಎರಡನೇ ಸೆಮಿಸ್ಟರ್ ಪೇಪರ್ ಮತ್ತ ತಿದ್ದಿಸಬೇಕಾಗಿತ್ತು.’

ತಪ್ಪು ಅವನದಲ್ಲ. ಕಾಲೇಜಿನಲ್ಲಿ ಮೌಲ್ಯಮಾಪನ ಎಂದರೆ ಉತ್ತರಪತ್ರಿಕೆ ತಿದ್ದುವುದು. ಮರುಮೌಲ್ಯಮಾಪನ ಎಂದರೆ ದುಡ್ಡು ಕಟ್ಟಿ ಇನ್ನೊಮ್ಮೆ ತಿದ್ದಿಸುವುದು. ಮುಗೀತು.

ಹಾಗಾದರೆ ‘ತಪಾಸಣೆ’? ಕನ್ನಡದ ಹುಡುಗರಿಗೆ ಅದು ಆಸ್ಪತ್ರೆ, ಇಲ್ಲವೇ ರಸ್ತೆಯಲ್ಲಿ ಗಾಡಿ ತಡೆಯುವ ಪೊಲೀಸರು. ಮರಾಠಿ ಮನೆಮಾತಿನವರದು ಇನ್ನೂ ಮಜಾ. ಮರಾಠಿಯಲ್ಲಿ ಪೇಪರ್ ತಿದ್ದುವುದಕ್ಕೇ ‘ತಪಾಸಣೀ’ ಅನ್ನುತ್ತಾರೆ. ತಿರುಗಿ ಅಲ್ಲಿಗೇ ಬಂದೆವು, ಅಲ್ವಾ? ‘ಪರೀಕ್ಷೆ’ ಅಂತೂ ಬೇಡವೇ ಬೇಡ. ಪರೀಕ್ಷೆಗೆ ಸೋತು ಬಂದವರನ್ನು ಇನ್ನೊಂದು ಪರೀಕ್ಷೆಗೆ ಕರೆಯುವುದೇ?

ಪದ ಹುಡುಕುವ ಮುಂಚೆ ಅಲ್ಲಿ ನಡೆಯುವುದೇನು ಎಂದು ತಿಳಿಯಬೇಕಿತ್ತು. ಪರಿಚಯದ ಮನಶ್ಶಾಸ್ತ್ರಜ್ಞೆಯೊಬ್ಬರ ಹತ್ತಿರ ಕೂತು ಕೇಳಿದೆ. ಕೆಲವು ತಾಸಿನ ಕೆಲಸ, ಒಮ್ಮೊಮ್ಮೆ ಎರಡು ದಿನಕ್ಕೆ ಹಂಚುತ್ತಾರಂತೆ. ಮೊದಲು ಬರೀ ಮಾತು: ಸಣ್ಣವರಿದ್ದಾಗ ಕಾಗುಣಿತ ಹೇಗೆ ಬಂತು, ಮನೆಯಲ್ಲಿ ಇನ್ನಾರಿಗಾದರೂ ಹೀಗಿದೆಯೇ. ಕಣ್ಣು, ಕಿವಿ ನೆಟ್ಟಗಿವೆಯೇ ಎಂಬುದೂ ಖಾತ್ರಿಯಾಗಬೇಕು. ಆಮೇಲೆ ಗಟ್ಟಿಯಾಗಿ ಓದಿಸುತ್ತಾರೆ. ಗೊತ್ತಿರುವ ಪದಗಳ ಜೊತೆ ಅರ್ಥವೇ ಇಲ್ಲದ ಪದಗಳನ್ನೂ ಕೊಡುತ್ತಾರೆ, ‘ಮುಗ್ಟಪಿ’, ‘ಲೊಸ್ಣಕೆ’ ಥರ. (ಈ ಎರಡು ನಾನೇ ಕಟ್ಟಿದ್ದು, ನಿಘಂಟು ತೆಗೆಯಬೇಡಿ.) ಡಿಗ್ರಿಗೆ ಬರುವ ಹೊತ್ತಿಗೆ ಹುಡುಗರು ಎಷ್ಟೋ ಪದಗಳ ಆಕಾರವನ್ನೇ ನೆನಪಿಟ್ಟಿರುತ್ತಾರೆ. ಉಳಿದದ್ದನ್ನು ಊಹಿಸಿ ದಾಟುತ್ತಾರೆ. ಸುಳ್ಳು ಪದದ ಮುಂದೆ ಆ ಉಪಾಯ ನಡೆಯದು, ಅಕ್ಷರ ಬಿಡಿಸಲೇಬೇಕು. ‘ಬಳಪ’ದಲ್ಲಿ ‘ಳ’ ತೆಗೆದರೆ ಏನು ಉಳಿಯುತ್ತದೆ ಎಂದು ಕೇಳುತ್ತಾರೆ. ಅಂಕಿಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಓದುವ ವೇಗ, ಬರೆಯುವ ವೇಗ, ಬುದ್ಧಿಮಟ್ಟ, ಎಲ್ಲ ನೋಡುತ್ತಾರೆ. ಬೇರೆಯವರು ಓದಿ ಹೇಳಿದರೆ ಪೂರ್ತಿ ತಿಳಿಯುವ ಪುಟ, ತಾನೇ ಓದಿದರೆ ತಲೆಗೆ ಹೋಗದಿದ್ದರೆ ಅದೊಂದು ದೊಡ್ಡ ಸುಳಿವು.

ನಮ್ಮ ಕಡೆ ಇನ್ನೊಂದು ಗೋಜಲಿದೆ. ಹತ್ತನೇತ್ತೆವರೆಗೆ ಕನ್ನಡ ಅಥವಾ ಮರಾಠಿ ಮಾಧ್ಯಮ, ಡಿಗ್ರಿ ಮಾತ್ರ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಪುಸ್ತಕದ ಮುಂದೆ ತಡವರಿಸುವವರಿಗೆಲ್ಲ ಡಿಸ್‌ಲೆಕ್ಸಿಯಾ ಎನ್ನಲಾಗದು. ಮೊದಲು ಕಲಿತ ಭಾಷೆಯಲ್ಲೂ ಓದಿಸಿ ನೋಡಬೇಕು. ಎಲ್ಲರೂ ಹೆಸರು ಹೇಳುವ ನಿಮ್ಹಾನ್ಸ್ ಪರೀಕ್ಷೆಗಳು ಶಾಲೆಯ ಮಕ್ಕಳಿಗಾಗಿ ಮಾಡಿದ್ದು. ಇಪ್ಪತ್ತರ ಹುಡುಗಿಗೆ ಅವು ಸಾಲವು.

ಇಷ್ಟು ಕೇಳಿದ ಮೇಲೆ ‘ಮೌಲ್ಯ’ ಎಂಬ ಮಾತೇ ಒಗ್ಗದಾಯಿತು. ಇಲ್ಲಿ ಯಾರೂ ಯಾರಿಗೂ ಬೆಲೆ ಕಟ್ಟುತ್ತಿಲ್ಲ. ತೊಡಕು ಎಲ್ಲಿದೆ ಎಂದು ಹುಡುಕುತ್ತಿದ್ದಾರೆ. ‘ಕೂಲಂಕಷ ಪರಿಶೀಲನೆ’ ಎನ್ನೋಣವೇ? ಕೂಲ ಎಂದರೆ ನದಿಯ ದಂಡೆ. ದಂಡೆಯನ್ನೇ ತಿಕ್ಕಿಕೊಂಡು ಹರಿಯುವುದು ಕೂಲಂಕಷ. ಘಟಪ್ರಭೆ ತುಂಬಿ ಬಂದಾಗ ಗೋಕಾಕದಲ್ಲಿ ನೋಡಿದವರಿಗೆ ವಿವರಿಸಬೇಕಿಲ್ಲ. ಅರ್ಥ ಚೆಂದವೇ. ಆದರೆ ಅಕ್ಷರಕ್ಕೆ ಎಡವುವವರಿಗಾಗಿ ಬರೆದ ಚೀಟಿಯಲ್ಲಿ ಈ ಪದವೇ? ನಾನೇ ಎಷ್ಟೋ ವರ್ಷ ‘ಕೂಲಂಕುಷ’ ಎಂದು ಬರೆಯುತ್ತಿದ್ದೆ.

ಡಿಸ್‌ಲೆಕ್ಸಿಯಾ ಹಾಗೇ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಇದು ಕಲಿಕಾ ನ್ಯೂನತೆಗಳಲ್ಲಿ ಒಂದು. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಆ ಹೆಸರು ಬೇಕು. ಆದರೆ ಚೀಟಿಯಲ್ಲಿ ‘ನ್ಯೂನತೆ’ ಎಂದು ಬರೆದರೆ ಒಬ್ಬರೂ ಹೆಸರು ಕೊಡುವುದಿಲ್ಲ.

ನಮ್ಮ ಲೈಬ್ರರಿಯ ಅಟೆಂಡರ್ ಸುಮ್ನೆ ಕೇಳಿಸಿಕೊಳ್ಳುತ್ತಿದ್ದವರು ಹೇಳಿದರು, ‘ಕಣ್ಣ ತೋರಸ್ತೀವಿ, ಹಲ್ಲ ತೋರಸ್ತೀವಿ. ಹಂಗ ಓದು ತೋರಸೂದು ಅನ್ರಲಾ.’ ಓದು ತೋರಿಸುವುದು! ನನಗೆ ಇದೇ ಜಾಸ್ತಿ ಹಿಡಿಸಿದೆ. ಇದರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ. ಆಫೀಸಿನವರು ಮಾತ್ರ ಫಾರಮ್ಮಿನ ತಲೆಬರಹಕ್ಕೆ ‘ಸರಿಯಾದ ಪದ’ ಕೊಡಿ ಎಂದು ಕೂತಿದ್ದಾರೆ.

ಈ ಅರ್ಥದಲ್ಲಿ ‘ತೋರಿಸು’ವಿನಿಂದ ಒಂದು ನಾಮಪದ ಕಟ್ಟಬಹುದೇ? ‘ಓದುತೋರಿಕೆ’ ಎಂದರೆ ತೋರಿಕೆಗೆ ಓದಿದಂತಾಗುತ್ತದೆ, ಅದು ಬೇಡ. ವಿಜಯಪುರ, ಬಾಗಲಕೋಟೆ ಕಡೆಯವರು ಇಂಥದ್ದಕ್ಕೆ ಬೇರೆ ಏನಾದರೂ ಅನ್ನುತ್ತಾರೆಯೇ?